ಅಂಗೈಯಷ್ಟೂ ಇಲ್ಲದ ಬೊಂಡಾಸ್, ಅದರ ಹೊಟ್ಟೆಯಲ್ಲೊಂದು ದೀಪ

ಹವಾಯಿಯ ಓಹು ದ್ವೀಪದ ಲ್ಯಾಬಿಗೆ ಸೇರಿದಾಗ ನನಗೆ ಸಿಕ್ಕ ಮೊದಲ ಕೆಲಸ, ರಾತ್ರಿ ಮೊಣಕಾಲುದ್ದ ನೀರಲ್ಲಿ ಹೆಡ್‌ಲ್ಯಾಂಪ್ ಕಟ್ಟಿಕೊಂಡು ಬಾಬ್‌ಟೇಲ್ ಸ್ಕ್ವಿಡ್ ಅನ್ನೋ ಪುಟ್ಟ ಬೊಂಡಾಸ್ ಹಿಡಿಯೋದು. ಹಗಲು ಇವು ಮರಳಿನೊಳಗೆ ಇರ್ತವೆ, ಕತ್ತಲಾದ ಮೇಲೆ ಸಿಗಡಿ ಹುಡುಕಿಕೊಂಡು ಮೇಲೆ ಬರ್ತವೆ.

ನಮ್ಮ ಕರಾವಳಿಯ ಬೊಂಡಾಸ್ ನೋಡಿದವರಿಗೆ ಇದು ಬೇರೆಯೇ ಪ್ರಾಣಿ ಅನಿಸುತ್ತೆ. ಮೈ ಬರೀ 3 ಸೆಂಟಿಮೀಟರ್. ಬಾಲದ ಕಡೆ ಚೂಪಿಲ್ಲ, ಗುಂಡಗೆ ಮೊಂಡಾಗಿದೆ. ಅಕ್ಕಪಕ್ಕ ಕಿವಿಯಂಥ ಎರಡು ರೆಕ್ಕೆ, ಎಂಟು ತೋಳು, ಬೇಟೆಗೆ ಚಾಚೋ ಎರಡು ಉದ್ದ ಗ್ರಹಣಾಂಗ. ಕಪ್ಪೆ ಬೊಂಡಾಸಿನ (ಕಟಲ್‌ಫಿಶ್) ಒಳಗೆ ಸಿಗುತ್ತಲ್ವಾ ಬಿಳಿ ಓಡು, ಅದು ಇದಕ್ಕಿಲ್ಲ. ಗಂಡೋ ಹೆಣ್ಣೋ ತಿಳಿಯೋಕೆ ನಾನು ನೋಡೋದು ಮೇಲ್ಭಾಗದ ಎಡ ತೋಳನ್ನ, ಗಂಡಿನಲ್ಲಿ ಅದರ ಆಕಾರವೇ ಬೇರೆ.

ಮೊದಲ ಸಲ ತೊಟ್ಟಿಗೆ ಮರಳು ತೀರಾ ತೆಳ್ಳಗೆ ಹಾಕಿಬಿಟ್ಟಿದ್ದೆ. ಪಾಪ, ಹೂತುಕೊಳ್ಳೋಕೆ ಆಗದೆ ಮೂಲೆಯಿಂದ ಮೂಲೆಗೆ ಹೋಗ್ತಾ ಶಾಯಿ ಕಾರಿತು. ಮರುದಿನ ನುಣ್ಣನೆ ಮರಳನ್ನು ದಪ್ಪಗೆ ಹಾಸಿ ಪಕ್ಕದಲ್ಲೇ ಕೂತೆ. ಅದು ತನ್ನ ಮೈಯ ಕೊಳವೆಯಿಂದ ನೀರು ಊದಿ ಮೊದಲು ಒಂದು ಗುಳಿ ಮಾಡಿತು, ಅದರೊಳಗೆ ಕೂತು, ಆಮೇಲೆ ಎರಡು ತೋಳು ಚಾಚಿ ಸುತ್ತಲಿನ ಮರಳನ್ನು ಬಾಚಿ ಬಾಚಿ ತಲೆ ಮೇಲೆ ಎಳೆದುಕೊಂಡಿತು, ನಾವು ಚಳಿಗೆ ಕಂಬಳಿ ಎಳೆದುಕೊಳ್ತೀವಲ್ಲ ಹಾಗೆ. ಮೈಯ ಲೋಳೆಗೆ ಮರಳು ಅಂಟಿಕೊಳ್ಳುತ್ತೆ, ಬೇಡವಾದಾಗ ಬಿಟ್ಟೂ ಬಿಡುತ್ತೆ.

ನನಗೆ ಜಾಸ್ತಿ ಇಷ್ಟ ಹೊಟ್ಟೆ ಕಡೆಯ ಬೆಳಕಿನ ಅಂಗ. ಶಾಯಿ ಚೀಲದ ನಡುವೆ ಇರೋ ಎರಡು ಹೋಳಿನ ಅಂಗ ಅದು. ಹಿಂದೆ ಕನ್ನಡಿಯಂಥ ಪದರ, ಮುಂದೆ ಲೆನ್ಸ್, ಬೆಳಕು ತಗ್ಗಿಸೋಕೆ ಶಾಯಿ ಚೀಲವೇ ಪರದೆ. ಬೆಳಕು ಮಾತ್ರ ಸ್ಕ್ವಿಡ್‌ನದ್ದಲ್ಲ, ಒಳಗಿರೋ ವಿಬ್ರಿಯೋ ಫಿಷೆರಿ ಬ್ಯಾಕ್ಟೀರಿಯಾದ್ದು. ಬೆಳದಿಂಗಳಿಗೆ ಹೊಂದೋ ಹಾಗೆ ಬೆಳಕನ್ನು ಕೆಳಗೆ ಬಿಡೋದರಿಂದ, ಅಡಿಯಿಂದ ನೋಡೋ ಮೀನಿಗೆ ಇದರ ನೆರಳು ಕಾಣಲ್ಲ. ಪ್ರತಿದಿನ ಬೆಳಗಾಗೋ ಹೊತ್ತಿಗೆ ಸುಮಾರು 95% ಬ್ಯಾಕ್ಟೀರಿಯಾ ಹೊರಹಾಕುತ್ತೆ, ಉಳಿದವು ಸಂಜೆಯೊಳಗೆ ಮತ್ತೆ ತುಂಬಿಕೊಳ್ತವೆ.

ಮರಿಗೆ ಈ ಬ್ಯಾಕ್ಟೀರಿಯಾ ತಾಯಿಯಿಂದ ಬರಲ್ಲ. ಮೊಟ್ಟೆ ಇಟ್ಟ ಸುಮಾರು 20 ದಿನಕ್ಕೆ, 2 ಮಿಲಿಮೀಟರ್ ಮೈಯ ಮರಿಗಳು ಹೊರಬಂದಾಗ ನಾನು ಕೆಲವನ್ನು ಬ್ಯಾಕ್ಟೀರಿಯಾ ಹಾಕಿದ ಸಮುದ್ರದ ನೀರಲ್ಲಿ, ಕೆಲವನ್ನು ಹಾಕದ ನೀರಲ್ಲಿ ಬಿಟ್ಟೆ. ಮರುದಿನ ಒಂದೊಂದೇ ಮರಿಯ ಪುಟ್ಟ ಬಾಟಲಿಯನ್ನು ಬೆಳಕು ಅಳೆಯೋ ಯಂತ್ರದೊಳಗೆ ಇಡ್ತಾ ಹೋದೆ. ಹಾಕದವು ಖಾಲಿ ನೀರಿನಷ್ಟೇ ತೋರಿಸಿದವು. ಹಾಕಿದವುಗಳ ಮೊದಲ ಬಾಟಲಿ ಇಟ್ಟೆ, ಅಂಕಿ ಏರ್ತಾನೇ ಹೋಯಿತು.