ಒಂದು ಕೈಗೆ ಕತೆ, ಇನ್ನೊಂದು ಕೈಗೆ ವಿಜ್ಞಾನ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನನ್ನದೊಂದು ಪುಸ್ತಕದ ಅಂಗಡಿ ಇದೆ. ಹೆಸರಿಗೆ ಪುಸ್ತಕದ ಅಂಗಡಿ, ಹೊಟ್ಟೆ ತುಂಬಿಸುವುದು ಮಾತ್ರ ಲಾಂಗ್ ಬುಕ್ಕು, ಗೈಡು, ಜಾಮಿಟ್ರಿ ಬಾಕ್ಸು, ಜೆರಾಕ್ಸು. ಇದರ ನಡುವೆ ಒಂದು ಕಪಾಟನ್ನು ನನ್ನ ಹುಚ್ಚಿಗೆ ಅಂತ ಇಟ್ಟುಕೊಂಡಿದ್ದೇನೆ. ಅದರಲ್ಲಿ ವೈಜ್ಞಾನಿಕ ಕಾದಂಬರಿ ಮತ್ತು ವಿಜ್ಞಾನದ ಪುಸ್ತಕ ಬಿಟ್ಟು ಬೇರೇನೂ ಇಲ್ಲ. ಕನ್ನಡದ್ದೂ ಇದೆ, ಇಂಗ್ಲಿಷಿನದೂ ಇದೆ.

‘ಏನಾದ್ರೂ ಓದೋಕೆ ಒಳ್ಳೇದು ಕೊಡಿ’ ಅಂದವರಿಗೆ ಆ ಕಪಾಟಿನಿಂದ ಎರಡು ಪುಸ್ತಕ ತೆಗೆಯುತ್ತೇನೆ. ಒಂದು ಕತೆ, ಒಂದು ವಿಜ್ಞಾನ. ಎರಡರಲ್ಲೂ ಒಂದೇ ಎಳೆ ಇರಬೇಕು. ಬರೀ ಕಾದಂಬರಿ ಒಯ್ದವರು ‘ಇದೆಲ್ಲ ಆಗೋ ಮಾತಾ?’ ಅಂತ ಕೇಳಿಕೊಂಡು ವಾಪಸ್ ಬರುತ್ತಾರೆ. ಬರೀ ವಿಜ್ಞಾನದ ಪುಸ್ತಕ ಒಯ್ದವರು ಮೂವತ್ತನೇ ಪುಟದಲ್ಲಿ ಬಸ್ ಟಿಕೆಟ್ ಸಿಗಿಸಿಟ್ಟು ಮರೆತುಬಿಡುತ್ತಾರೆ. ಜೋಡಿ ಮಾಡಿ ಕೊಟ್ಟರೆ, ಕತೆಯಲ್ಲಿ ಹುಟ್ಟಿದ ಅನುಮಾನ ಹಿಡಿದುಕೊಂಡು ಇನ್ನೊಂದು ಪುಸ್ತಕವನ್ನು ಅವರೇ ಬಿಡಿಸುತ್ತಾರೆ.

ಅದಕ್ಕೆ ಮೊದಲು ಗಿರಾಕಿಯನ್ನು ಮಾತಾಡಿಸಬೇಕು. ‘ನಿಮಗೆ ಯಾವ ವಿಷಯ ಇಷ್ಟ?’ ಅಂತ ಕೇಳಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ‘ಅಯ್ಯೋ, ಸೈನ್ಸು ನಮ್ಗೆ ಹತ್ಲಿಲ್ಲ ಮಾರಾಯ್ರೇ, ಎಸ್ಸೆಸ್ಸೆಲ್ಸಿಗೇ ಕೈ ಮುಗಿದೆ’ ಅನ್ನುತ್ತಾರೆ. ಹಾಗಾಗಿ ನಾನು ಸುಮ್ನೆ ಊರ ಮಾತು ತೆಗೆಯುತ್ತೇನೆ. ತೋಟ ಇದೆಯಾ, ಈ ಸಲ ಅಡಿಕೆಗೆ ಕೊಳೆ ರೋಗ ಬಂತಾ, ಮಗಳು ಏನು ಓದ್ತಿದಾಳೆ. ಸ್ವಲ್ಪ ಹೊತ್ತಿಗೆ ಅವರ ತಲೆಯಲ್ಲಿ ಏನು ಓಡುತ್ತಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಪುಸ್ತಕದ ಒಂದು ಪುಟ ಬಿಡಿಸಿ, ಸ್ಟೂಲು ಸರಿಸಿ, ‘ಇಷ್ಟು ಓದಿ ನೋಡಿ’ ಅನ್ನುತ್ತೇನೆ. ರಕ್ಷಾಪುಟದ ಹಿಂಬದಿ ತೋರಿಸುವುದಿಲ್ಲ. ಅಲ್ಲಿನ ಹೊಗಳಿಕೆ ಎಲ್ಲ ಪುಸ್ತಕಕ್ಕೂ ಒಂದೇ ಥರ.

ತೋಟದವರು ಬಂದರೆ ನನ್ನ ಕೆಲಸ ಸಲೀಸು. ‘ಅಡಿಕೆ ಮರದಿಂದ ಮರಕ್ಕೆ ತೇಲೋ ಓತಿ ನೋಡಿದೀರಾ?’ ಅಂತ ಕೇಳುತ್ತೇನೆ. ನೋಡದವರು ಕಡಿಮೆ. ಮರಕ್ಕೆ ಅಂಟಿ ಕೂತಾಗ ತೊಗಟೆಯದೇ ಬಣ್ಣ. ಗಂಡಾದರೆ ಗಂಟಲ ಕೆಳಗೆ ಹಳದಿ ಚೀಲವನ್ನು ಮುಂದಕ್ಕೆ ಚಾಚಿ ಚಾಚಿ ಆಡಿಸುತ್ತದೆ. ಹಾರುವಾಗ ಉದ್ದನೆಯ ಪಕ್ಕೆಲುಬುಗಳನ್ನು ಎರಡೂ ಕಡೆ ಅಗಲಿಸುತ್ತದೆ, ಅದರ ಮೇಲಿನ ಚರ್ಮ ರೆಕ್ಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಇಷ್ಟು ಮಾತಾದ ಮೇಲೆ ತೇಜಸ್ವಿಯವರ ‘ಕರ್ವಾಲೊ’ ಕೈಗೆ ಕೊಟ್ಟರೆ ಬೇಡ ಅನ್ನುವವರುಂಟೇ? 1980ರ ಪುಸ್ತಕ, ಇವತ್ತಿಗೂ ಖರ್ಚಾಗುತ್ತಲೇ ಇದೆ. ‘ಅದು ಸೈನ್ಸ್ ಫಿಕ್ಷನ್ ಹೇಗಾಗುತ್ತೆ, ರಾಕೆಟ್ ಎಲ್ಲಿದೆ?’ ಅಂತ ಕೆಲವು ಹುಡುಗರು ವಾದಕ್ಕೆ ನಿಲ್ಲುತ್ತಾರೆ. ನನ್ನ ಮಟ್ಟಿಗೆ ಒಬ್ಬ ವಿಜ್ಞಾನಿ, ಒಬ್ಬ ಮಂದಣ್ಣ, ಒಬ್ಬ ಬಿರಿಯಾನಿ ಕರಿಯಪ್ಪ ಸೇರಿಕೊಂಡು ಇಂಥದೇ ಒಂದು ಹಾರುವ ಓತಿಯ ಬೆನ್ನು ಹತ್ತಿ ಕಾಡು ನುಗ್ಗುತ್ತಾರಲ್ಲ, ಅದಕ್ಕಿಂತ ಚೆನ್ನಾಗಿ ವಿಜ್ಞಾನದ ಹುಡುಕಾಟವನ್ನು ಕತೆ ಮಾಡಿದ ಕಾದಂಬರಿ ಕನ್ನಡದಲ್ಲಿ ಇನ್ನೊಂದಿಲ್ಲ. ನಾನು ಬಿಡಿಸಿ ಕೊಡುವುದು ಶುರುವಿನ ಪುಟಗಳನ್ನೇ. ಜೇನುತುಪ್ಪ ಕೊಳ್ಳಲು ಮೂಡಿಗೆರೆಯ ಜೇನು ಸೊಸೈಟಿಗೆ ಹೋದ ಮನುಷ್ಯ ಎಲ್ಲಿಂದ ಎಲ್ಲಿಗೆ ಹೋಗುತ್ತಾನೆ ನೋಡಿ ಅಂತ.

ಇದರ ಜೋಡಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸ್ವಾಮಿ ಡಿ.ವಿ.ಜಿ.ಯವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕಲು ಕಾಡು ಸುತ್ತಿದ ಕತೆ ಇದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹುಡುಗ ಹುಡುಗಿಯರ ಕೀಟಲೆ, ಮೇಷ್ಟ್ರ ತುಂಟ ಮಾತು, ನಡುನಡುವೆ ಅವರೇ ಬರೆದ ಚಿತ್ರ. ಬಾಟನಿ ಓದುತ್ತಿದ್ದೇವೆ ಅಂತ ಗೊತ್ತಾಗುವ ಹೊತ್ತಿಗೆ ಅರ್ಧ ಪುಸ್ತಕ ಮುಗಿದಿರುತ್ತದೆ.

ಸ್ವಾಮಿಯವರದೇ ಇನ್ನೊಂದು ಪುಸ್ತಕದಿಂದ ನನ್ನ ಅತಿ ಇಷ್ಟದ ಜೋಡಿ ಆಗಿದೆ. ಆಂಡಿ ವಿಯರ್ ಬರೆದ ‘ದಿ ಮಾರ್ಷಿಯನ್’, ಜೊತೆಗೆ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’. ಎತ್ತಣ ಮಾಮರ ಎತ್ತಣ ಕೋಗಿಲೆ ಅನ್ನಬೇಡಿ. ಎರಡನ್ನೂ ಜೋಡಿಸುವ ಎಳೆ ಅಂದರೆ ಆಲೂಗಡ್ಡೆ.

ಮಾರ್ಷಿಯನ್‌ನಲ್ಲಿ ಮಾರ್ಕ್ ವಾಟ್ನಿ ಅನ್ನುವವನು ಮಂಗಳ ಗ್ರಹದಲ್ಲಿ ಒಂಟಿಯಾಗಿ ಉಳಿದುಬಿಡುತ್ತಾನೆ. ಅವನು ಸಸ್ಯಶಾಸ್ತ್ರಜ್ಞನೂ ಹೌದು, ಮೆಕ್ಯಾನಿಕಲ್ ಎಂಜಿನಿಯರೂ ಹೌದು. ಹಬ್ಬದ ಅಡುಗೆಗೆ ಅಂತ ಭೂಮಿಯಿಂದ ಕಳಿಸಿದ್ದ ಹಸಿ ಆಲೂಗಡ್ಡೆ ಇರುತ್ತದೆ. ಅದನ್ನೇ ಕತ್ತರಿಸಿ ನೆಡುತ್ತಾನೆ. ಗೊಬ್ಬರ ಯಾವುದು ಅಂತ ಇಲ್ಲಿ ಹೇಳುವುದು ಬೇಡ, ಊಹಿಸಿಕೊಳ್ಳಿ. ನೀರು ಬೇಕಲ್ಲ, ಅದಕ್ಕೆ ರಾಕೆಟ್ ಇಂಧನ ಹೈಡ್ರಜೀನನ್ನು ಒಡೆದು ಹೈಡ್ರೋಜನ್ ತೆಗೆದು, ಅದನ್ನು ಉರಿಸಿ ನೀರು ಮಾಡುತ್ತಾನೆ. ನಾನು ಬಿಡಿಸಿ ಕೊಡುವುದು ಆ ಪುಟ. ಡಿಗ್ರಿ ಹುಡುಗರು ಅಲ್ಲೇ ಕೌಂಟರಿಗೆ ಒರಗಿಕೊಂಡು ಓದತೊಡಗಿದರೆ ಆ ದಿನದ ವ್ಯಾಪಾರ ಆಯಿತು ಅಂತ ತಿಳಿದುಕೊಳ್ಳುತ್ತೇನೆ. ಇಂಗ್ಲಿಷಿಗೆ ಹೆದರುವವರಿಗೂ ಇದನ್ನೇ ಕೊಡುವುದು. ಡೈರಿಯ ಥರ ಇದೆ, ವಾಕ್ಯ ಸಣ್ಣವು, ತಮಾಷೆ ಜಾಸ್ತಿ. ಡಿಕ್ಷನರಿ ಹಿಡಿಯದೇ ಓದಿ ಅನ್ನುತ್ತೇನೆ. ವಿಯರ್ ಇದನ್ನು ಮೊದಲು ತನ್ನ ವೆಬ್‌ಸೈಟಿನಲ್ಲಿ ಅಧ್ಯಾಯ ಅಧ್ಯಾಯವಾಗಿ ಪುಕ್ಕಟೆ ಹಾಕಿದ್ದ, 2014ರಲ್ಲಿ ದೊಡ್ಡ ಪ್ರಕಾಶಕರ ಕೈಗೆ ಹೋಯಿತು ಅನ್ನುವ ಕತೆ ಕೇಳಿದರೆ ಬರೆಯುವ ಹುಚ್ಚಿನ ಹುಡುಗರ ಕಣ್ಣು ಅಗಲವಾಗುತ್ತದೆ.

ಪುಸ್ತಕದಲ್ಲಿ ತಪ್ಪೂ ಇದೆ, ಅದನ್ನೂ ಮೊದಲೇ ಹೇಳುತ್ತೇನೆ. ಕತೆ ಶುರುವಾಗುವುದೇ ಭಾರೀ ಬಿರುಗಾಳಿಯಿಂದ. ಮಂಗಳದ ಗಾಳಿಯ ಒತ್ತಡ ನಮ್ಮಲ್ಲಿನ ನೂರರಲ್ಲಿ ಒಂದು ಪಾಲೂ ಇಲ್ಲ. ಅಲ್ಲಿನ ಎಂಥ ಬಿರುಗಾಳಿಯೂ ನೌಕೆಯನ್ನು ಕೆಡವುವಷ್ಟು ಜೋರಾಗಿ ದೂಡಲಾರದು. ವಿಯರ್‌ಗೂ ಇದು ಗೊತ್ತಿತ್ತು, ಕತೆಗೆ ಬೇಕು ಅಂತ ಇಟ್ಟುಕೊಂಡ. ಇನ್ನೊಂದು, ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಅನ್ನುವ ವಿಷದ ಲವಣ ಇದೆ ಅಂತ 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿದಿತ್ತು. ಆಲೂಗಡ್ಡೆ ಬೆಳೆಯುವ ಮೊದಲು ಮಣ್ಣು ತೊಳೆಯಬೇಕಿತ್ತು ಅನ್ನಿ. ತಪ್ಪು ತೋರಿಸಿ ಮಾರಿದರೆ ಪುಸ್ತಕ ಹೋಗಲ್ಲ ಅಂತ ಗೆಳೆಯರು ನಗುತ್ತಾರೆ. ನಾನು ಕಂಡ ಹಾಗೆ, ತಪ್ಪು ಎಲ್ಲಿದೆ ಅಂತ ಹುಡುಕುವುದಕ್ಕೇ ಒಯ್ಯುವವರು ಬಹಳ ಜನ.

ಇನ್ನು ಆಲೂಗಡ್ಡೆ ನಮ್ಮ ಹೊಟ್ಟೆಗೆ ಬಂದದ್ದು ಹೇಗೆ? ಆಂಡೀಸ್ ಬೆಟ್ಟಗಳಿಂದ. ಮೆಣಸಿನಕಾಯಿ, ಟೊಮೆಟೊ, ಶೇಂಗಾ, ಗೇರು, ಪಪಾಯಿ ಎಲ್ಲ ಆ ಕಡೆಯ ಖಂಡದಿಂದ ಹಡಗು ಹತ್ತಿ ಬಂದವು. ಸ್ವಾಮಿ ಇದನ್ನು ಹರಟೆಯ ಹಾಗೆ ಹೇಳಿಕೊಂಡು ಹೋಗುತ್ತಾರೆ. ಅಮ್ಮಂದಿರಿಗೆ ನಾನು ಹೇಳುವುದು ಇಷ್ಟೇ: ‘ನೀವು ತಿಥಿ ಅಡುಗೆಗೆ ಮೆಣಸಿನಕಾಯಿ ಹಾಕಲ್ಲ, ಕಾಳುಮೆಣಸು ಹಾಕ್ತೀರಿ ಅಲ್ವಾ? ಯಾಕೆ ಅಂತ ಯೋಚನೆ ಮಾಡಿದೀರಾ?’ ಶಾಸ್ತ್ರದ ಅಡುಗೆ ಕಟ್ಟಿಕೊಂಡ ಕಾಲಕ್ಕೆ ಮೆಣಸಿನಕಾಯಿ ಈ ದೇಶಕ್ಕೆ ಬಂದೇ ಇರಲಿಲ್ಲ. ಬನವಾಸಿ ಕಡೆಯವರಿಗಾದರೆ ಇನ್ನೊಂದು ಮಾತು. ಈಗ ಅಲ್ಲಿ ಎಲ್ಲಿ ನೋಡಿದರೂ ಅನಾನಸು. ಪಂಪ ಬನವಾಸಿಯನ್ನು ಎಷ್ಟು ನೆನೆದರೂ ಅಲ್ಲಿ ಒಂದು ಹೋಳು ಅನಾನಸು ತಿಂದಿರಲಿಕ್ಕೆ ಸಾಧ್ಯವಿಲ್ಲ. ಅದೂ ದಕ್ಷಿಣ ಅಮೆರಿಕದ್ದೇ. ಈ ಮಾತಿಗೆ ಪುಸ್ತಕ ಕೊಂಡವರಿದ್ದಾರೆ, ಕನ್ನಡ ಮೇಷ್ಟ್ರುಗಳೇ ಜಾಸ್ತಿ.

ಮೂರನೇ ಜೋಡಿ ನಮ್ಮೂರಿಗೆ ತೀರ ಹತ್ತಿರದ್ದು. ಮಂಗನ ಕಾಯಿಲೆ ಅಂದರೆ ಈ ಕಡೆ ಮಕ್ಕಳಿಗೂ ಗೊತ್ತು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಜಗತ್ತಿನ ಪುಸ್ತಕಗಳಲ್ಲೆಲ್ಲ ಆ ಊರಿನ ಹೆಸರೇ ಇದೆ. ಮಂಗಗಳು ಸಾಲಾಗಿ ಸತ್ತಾಗ ವಿಜ್ಞಾನಿಗಳು ಹಳದಿ ಜ್ವರ ಇಂಡಿಯಾಕ್ಕೆ ಬಂತೋ ಅಂತ ಹೆದರಿದ್ದರು. ಹರಡುವುದು ಉಣುಗು ಅಂತ ಆಮೇಲೆ ತಿಳಿಯಿತು. 2019ರ ಬೇಸಿಗೆಯ ಹೊತ್ತಿಗೆ ನಮ್ಮದೇ ತಾಲ್ಲೂಕಿನ ಅರಳಗೋಡು ಕಡೆ ಜನ ಸತ್ತರು. ಆಗ ದರಕು (ಒಣಗಿದ ಎಲೆ) ತರಲು ಕಾಡಿಗೆ ಹೋಗುವುದಕ್ಕೂ ಹೆದರಿಕೆ.

ಇಂಥ ಊರಲ್ಲಿ ಮೈಕೆಲ್ ಕ್ರೈಟನ್ನನ ‘ದಿ ಆಂಡ್ರೋಮಿಡಾ ಸ್ಟ್ರೇನ್’ ಕೊಟ್ಟರೆ ಓದುವ ರೀತಿಯೇ ಬೇರೆ. 1969ರ ಕಾದಂಬರಿ. ಅಮೆರಿಕದ ಒಂದು ಸಣ್ಣ ಊರಿನ ಹತ್ತಿರ ಉಪಗ್ರಹ ಬೀಳುತ್ತದೆ. ಊರಿಗೆ ಊರೇ ಸಾಯುತ್ತದೆ. ಉಳಿದವರು ಇಬ್ಬರು, ಒಬ್ಬ ಕುಡುಕ ಮುದುಕ, ಒಂದು ಅಳುವ ಕೂಸು. ಈ ಇಬ್ಬರಲ್ಲಿ ಸಮಾನವಾದದ್ದು ಏನು? ಪುಸ್ತಕ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಉತ್ತರ ಕೇಳಿದರೆ ‘ದುಡ್ಡು ಕೊಟ್ಟು ಓದಿ’ ಅನ್ನುತ್ತೇನೆ. ಜೊತೆಗೆ ಡೇವಿಡ್ ಕ್ವಾಮನ್ನನ ‘ಸ್ಪಿಲ್‌ಓವರ್’. ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ರೋಗಗಳ ಬೆನ್ನು ಹತ್ತಿದ ಪುಸ್ತಕ, 2012ರದ್ದು, ಅಂದರೆ ಕೊರೊನಾಕ್ಕೂ ಮುಂಚಿನದು. 1994ರಲ್ಲಿ ಆಸ್ಟ್ರೇಲಿಯಾದಲ್ಲಿ ಕುದುರೆಗಳು ಸತ್ತ ಕತೆಯಿಂದ ಶುರು. ಪುಸ್ತಕ ದಪ್ಪ. ಪೂರ್ತಿ ಓದಲೇಬೇಕು ಅಂತ ನಾನು ಹೇಳುವುದಿಲ್ಲ. ಮೊದಲ ಭಾಗ, ಆಮೇಲೆ ನಿಫಾ ಬಂದ ಭಾಗ, ಅಷ್ಟು ಸಾಕು. ನರ್ಸಿಂಗ್ ಓದುವ ಹುಡುಗಿಯರು, ಆಶಾ ಕೆಲಸ ಮಾಡುವವರ ಮಕ್ಕಳು ಇದನ್ನು ಒಯ್ಯುತ್ತಾರೆ.

‘ನಮ್ಮ ಪುರಾಣದಲ್ಲೇ ಎಲ್ಲ ವಿಜ್ಞಾನ ಇತ್ತು’ ಅನ್ನುವ ಗಿರಾಕಿಗಳು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಅವರ ಜೊತೆ ಜಗಳಕ್ಕೆ ಕೂತರೆ ಅಂಗಡಿ ನಡೆಯಲ್ಲ. ಕನ್ನಡದಲ್ಲಿ ಮನು ಅವರ ‘ಮಹಾಸಂಪರ್ಕ’ ಇದೆ, ಮಹಾಭಾರತವನ್ನು ವೈಜ್ಞಾನಿಕ ಕಲ್ಪನೆಯ ಕಣ್ಣಿನಿಂದ ನೋಡುವ ಕಾದಂಬರಿ. ಅದನ್ನು ಖುಷಿಯಿಂದ ಕೊಡುತ್ತೇನೆ, ಕತೆ ಅಂತಲೇ ಓದಿ ಅನ್ನುವ ಮಾತು ಸೇರಿಸಿ. ಜೋಡಿಗೆ ಖಗೋಳ ವಿಜ್ಞಾನಿ ಜಯಂತ್ ನಾರ್ಳೀಕರರ ‘ದಿ ಸೈಂಟಿಫಿಕ್ ಎಡ್ಜ್’. ನಮ್ಮ ಹಿಂದಿನವರು ನಿಜಕ್ಕೂ ಏನು ಸಾಧಿಸಿದ್ದರು, ಯಾವುದು ಬರೀ ಜಂಬ ಅಂತ ಸಮಾಧಾನದಿಂದ ಬಿಡಿಸಿ ಹೇಳುವ ಪುಸ್ತಕ. ನಾರ್ಳೀಕರರು 2025ರ ಮೇ ತಿಂಗಳಲ್ಲಿ ತೀರಿಕೊಂಡರು, ಪುಣ್ಯಾತ್ಮ. ಮರಾಠಿಯಲ್ಲಿ ವೈಜ್ಞಾನಿಕ ಕತೆಗಳನ್ನೂ ಬರೆದವರು. ಮೊದಲ ಕತೆಯನ್ನು ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಬೇರೆ ಹೆಸರಿನಲ್ಲಿ ಕಳಿಸಿ ಗೆದ್ದಿದ್ದರು. ಜಾತಕದ ಮಾತು ಬಂದರೆ ಅವರು 2008ರಲ್ಲಿ ಮಾಡಿದ ಪರೀಕ್ಷೆ ಹೇಳುತ್ತೇನೆ. ನೂರು ಜಾಣ ಮಕ್ಕಳ ಜಾತಕ, ನೂರು ಬುದ್ಧಿಮಾಂದ್ಯ ಮಕ್ಕಳ ಜಾತಕ ಕಲೆಸಿ, ಜ್ಯೋತಿಷಿಗಳಿಗೆ ತಲಾ 40 ಕೊಟ್ಟು ಯಾವುದು ಯಾರದು ಹೇಳಿ ಅಂದರು. ಸರಿಯಾದದ್ದು ಸರಾಸರಿ ಶೇಕಡಾ 46. ನಾಣ್ಯ ಚಿಮ್ಮಿದ್ದರೂ 50ರ ಹತ್ತಿರ ಬರುತ್ತಿತ್ತು.

ಹಾಕಿಂಗ್‌ನ ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’ ಕೇಳಿಕೊಂಡು ಬರುವವರಿಗೆ ನಾನು ಅಷ್ಟು ಸುಲಭಕ್ಕೆ ಕೊಡುವುದಿಲ್ಲ. ಒಂದೊಂದು ಸಮೀಕರಣಕ್ಕೂ ಮಾರಾಟ ಅರ್ಧಕ್ಕರ್ಧ ಇಳಿಯುತ್ತೆ ಅಂತ ಯಾರೋ ಹೆದರಿಸಿದ್ದಕ್ಕೆ ಹಾಕಿಂಗ್ ಒಂದೇ ಒಂದು ಇಟ್ಟ. ಹಾಗಂತ ಪುಸ್ತಕ ಸಲೀಸು ಅಂದುಕೊಳ್ಳಬೇಡಿ. ಮೊದಲು ಕಾರ್ಲ್ ಸೇಗನ್ನನ ‘ಕಾಸ್ಮೋಸ್’ ಓದಿ ಬನ್ನಿ ಅನ್ನುತ್ತೇನೆ. ಅರ್ಧ ಜನ ವಾಪಸ್ ಬಂದು ಹಾಕಿಂಗ್ ಕೇಳುವುದೇ ಇಲ್ಲ, ಸೇಗನ್ನನದೇ ಇನ್ನೊಂದು ಕೇಳುತ್ತಾರೆ. ‘ಕಾಂಟ್ಯಾಕ್ಟ್’ ಕಾದಂಬರಿ ಕೊಡುತ್ತೇನೆ, ಜೋಡಿ ತಾನಾಗಿಯೇ ಆಯಿತು.

ಮಕ್ಕಳಿಗೆ ತೇಜಸ್ವಿಯವರ ‘ಪರಿಸರದ ಕತೆ’ ಮತ್ತು ಮಿಲೇನಿಯಂ ಸರಣಿ. ಅಲ್ಲಿ ನಾನು ಏನೂ ಹೇಳುವುದು ಬೇಕಿಲ್ಲ. ಕಾರಂತರ ‘ವಿಜ್ಞಾನ ಪ್ರಪಂಚ’ದ ಹಳೇ ಸಂಪುಟಗಳು ನನ್ನ ಹತ್ತಿರ ಇವೆ, ಮಾರುವುದಿಲ್ಲ, ಕೂತು ಓದಲಿಕ್ಕೆ ಮಾತ್ರ. ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕತೆಗಳನ್ನು ಕೇಳುವ ಹಿರಿಯರಿದ್ದಾರೆ. ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಹುಡುಕುತ್ತೇನೆ. ಸಿಕ್ಕರೆ ಅದೃಷ್ಟ. ಇಂಗ್ಲಿಷ್ ಪುಸ್ತಕಗಳ ಬೆಲೆ ವಿದ್ಯಾರ್ಥಿಗಳಿಗೆ ಭಾರ, ಹಾಗಾಗಿ ಜೋಡಿಯಲ್ಲಿ ಒಂದನ್ನು ಕೊಂಡರೆ ಇನ್ನೊಂದನ್ನು ಓದಿ ವಾಪಸ್ ಕೊಡಿ ಅಂತ ಕೊಟ್ಟು ಕಳಿಸುತ್ತೇನೆ. ಹೆಚ್ಚಿನವು ಬರುತ್ತವೆ, ಕೆಲವು ಸಾಂಬಾರಿನ ಕಲೆಯ ಜೊತೆ.

ಈಗ ಕೌಂಟರಿನ ಮೇಲೆ ಇರುವುದು ಆರ್ಥರ್ ಕ್ಲಾರ್ಕ್‌ನ ‘ರಾಂದೇವೂ ವಿತ್ ರಾಮ’. ರಾಮಾಯಣದ ಪುಸ್ತಕ ಅಂತ ಎತ್ತಿಕೊಂಡವರು ಬಹಳ. ಗ್ರೀಕ್, ರೋಮನ್ ದೇವರ ಹೆಸರೆಲ್ಲ ಖರ್ಚಾಗಿ, ಖಗೋಳ ವಿಜ್ಞಾನಿಗಳು ಆಕಾಶಕಾಯಗಳಿಗೆ ಹೆಸರಿಡಲು ನಮ್ಮ ದೇವರುಗಳಿಗೆ ಕೈ ಹಾಕಿದ ಕಾಲದ ಕತೆ ಅದು. 50 ಕಿಲೋಮೀಟರ್ ಉದ್ದದ ಒಂದು ಉರುಳೆ ಸೌರವ್ಯೂಹದೊಳಕ್ಕೆ ಬರುತ್ತದೆ. ಒಳಗೆ ಯಾರೂ ಕಾಣುವುದಿಲ್ಲ. ಕ್ಲಾರ್ಕ್ ಇದನ್ನು ಬರೆದದ್ದು 1973ರಲ್ಲಿ. 2017ರ ಅಕ್ಟೋಬರಿನಲ್ಲಿ ಹವಾಯಿಯ ದೂರದರ್ಶಕಕ್ಕೆ ನಿಜವಾಗಿಯೂ ಬೇರೆ ನಕ್ಷತ್ರದ ಕಡೆಯಿಂದ ಬಂದ ಉದ್ದನೆಯ ಕಲ್ಲೊಂದು ಕಂಡಿತು, ಔಮುವಾಮುವಾ. ಹಾಗಾಗಿ ಜೋಡಿಗೆ ಖಗೋಳ ವಿಜ್ಞಾನಿ ಆವಿ ಲೋಬ್‌ನ ‘ಎಕ್ಸ್‌ಟ್ರಾಟೆರೆಸ್ಟ್ರಿಯಲ್’ ಇಟ್ಟಿದ್ದೇನೆ. ಆ ಕಲ್ಲು ಬೇರೆ ಲೋಕದವರು ಕಳಿಸಿದ ಯಂತ್ರ ಇರಬಹುದು ಅನ್ನುವುದು ಲೋಬ್ ವಾದ. ನನಗೆ ಒಪ್ಪಿಗೆ ಇಲ್ಲ, ಹೆಚ್ಚಿನ ಖಗೋಳ ವಿಜ್ಞಾನಿಗಳಿಗೂ ಇಲ್ಲ. ಆದರೂ ಕೊಡುತ್ತೇನೆ. ಎಲ್ಲಿ ಒಪ್ಪಲಿಲ್ಲ ಅಂತ ಮಾರ್ಜಿನ್‌ನಲ್ಲಿ ಪೆನ್ಸಿಲಿನಿಂದ ಗೀಚಿ ತನ್ನಿ ಅನ್ನುತ್ತೇನೆ.

ರಾಮ ಮುಗಿಸಿದವರು ಮುಂದಿನ ಭಾಗ ಕೇಳುತ್ತಾರೆ. ಅವನ್ನು ಕ್ಲಾರ್ಕ್ ಇನ್ನೊಬ್ಬರ ಜೊತೆ ಸೇರಿ ಬರೆದದ್ದು, ನಾನು ತರಿಸುವುದಿಲ್ಲ. ಬದಲಿಗೆ ಫ್ರೆಡ್ ಹಾಯ್ಲ್‌ನ ‘ದಿ ಬ್ಲ್ಯಾಕ್ ಕ್ಲೌಡ್’ ಕೊಡುತ್ತೇನೆ. ಹಾಯ್ಲ್ ಅಂದರೆ ಕೇಂಬ್ರಿಜಿನಲ್ಲಿ ನಾರ್ಳೀಕರರ ಗುರು. ಸೂರ್ಯನ ಕಡೆಗೆ ಬರುವ ಒಂದು ಮೋಡ, ಅದಕ್ಕೆ ಬುದ್ಧಿಯೂ ಇದೆ. ಅದರ ಜೊತೆಗೆ ಕೊಡುವಂಥ ವಿಜ್ಞಾನದ ಪುಸ್ತಕ, ಕನ್ನಡದಲ್ಲಿ, ನನಗಿನ್ನೂ ಸಿಕ್ಕಿಲ್ಲ. ಗೊತ್ತಿದ್ದವರು ಹೇಳಿ, ತರಿಸಿಡುತ್ತೇನೆ.