ಮರಿಗಳ ಕೆಳಗೆ ಪೇಪರ್ ಬೇಡ, ಕೌದಿ ಹಾಸಿ

ಈ ಸಲ ನಮ್ಮ ಕುಷ್ಟಗಿಯ ಓಣಿಯಲ್ಲೇ ಎರಡು ಮನೆಗಳಲ್ಲಿ ಮುಧೋಳ ನಾಯಿ ಮರಿ ಹಾಕಿವೆ. ಎರಡೂ ಕಡೆ ಹೋಗಿ ನೋಡಿದೆ. ನುಣ್ಣನೆಯ ಟೈಲ್ಸ್, ಅದರ ಮೇಲೆ ಪೇಪರ್, ಅದರ ಮೇಲೆ ಮರಿಗಳು. ಕಪ್ಪೆ ಹಾಗೆ ಕಾಲು ಅಗಲಿಸಿಕೊಂಡು ಜಾರುತ್ತಿವೆ. "ಶೋಗೆ ಹೋಗೋ ಮರಿ, ಅಮ್ಮಾ" ಅಂತ ಬೇರೆ ಹೇಳುತ್ತಾರೆ! ನಾಯಿಗಳ ಶೋನಲ್ಲಿ ಜಡ್ಜ್ ನೋಡುವುದು ನಿಲುವು, ನಡಿಗೆ. ಹುಟ್ಟಿದ ದಿನದಿಂದ ನೆಲ ಹಿಡಿತ ಕೊಡದಿದ್ದರೆ ಕಾಲು ಹೇಗೆ ಗಟ್ಟಿಯಾಗಬೇಕು?

ಹಳೇ ಕೌದಿ ತನ್ನಿ. ಸವೆದು ಮೆತ್ತಗಾದ ಹತ್ತಿ ಸೀರೆಯದೇ ಆಗಬೇಕು. ಪಾಲಿಸ್ಟರ್ ಉಚ್ಚೆ ಹೀರುವುದಿಲ್ಲ, ಜಾರುವುದೂ ಜಾಸ್ತಿ. ಕೆಳಗೆ ಹಲಗೆ, ಅದರ ಮೇಲೆ ಗೋಣಿತಟ್ಟು, ಮೇಲೆ ಕೌದಿ. ಕೌದಿಯ ಹೊಲಿಗೆ ಸಾಲುಸಾಲಾಗಿ ಏರಿಳಿತ ಇರುತ್ತದೆ, ಅಲ್ವಾ? ಮರಿ ತಾಯಿಯ ಕಡೆ ತೆವಳುವಾಗ ಉಗುರು ಅದಕ್ಕೇ ಸಿಕ್ಕಿ ಹಿಂಗಾಲಿಗೆ ಒತ್ತು ಸಿಗುತ್ತದೆ. ಸುಮ್ನೆ ಹಾಸಿ ಬಿಡಬೇಡಿ. ಬಿಗಿಯಾಗಿ ಎಳೆದು, ನಾಲ್ಕೂ ಅಂಚು ಹಲಗೆಯ ಕೆಳಗೆ ಮಡಚಿ, ಇಟ್ಟಿಗೆ ಹೇರಿ. ಸಡಿಲ ಇದ್ದರೆ ಮರಿ ಮಡಿಕೆಯೊಳಗೆ ನುಗ್ಗುತ್ತದೆ, ತಾಯಿ ಗೊತ್ತಾಗದೆ ಮೇಲೆ ಮಲಗುತ್ತದೆ. ಹಾಸುವ ಮೊದಲು ಬಿಸಿಲಿಗೆ ಹಿಡಿದು ಇಡೀ ಕೌದಿಯ ಮೇಲೆ ಬೆರಳಾಡಿಸಿ. ಬಿಚ್ಚಿಕೊಂಡ ದಾರ ಸಿಕ್ಕಿತೋ, ಬುಡಕ್ಕೇ ಕತ್ತರಿಸಿ. ಆ ದಾರ ಮರಿಯ ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತು ಬೆರಳೇ ಹೋಗುತ್ತದೆ. ಪ್ರತಿ ಸಲ ಒಗೆದಾಗಲೂ ಇದನ್ನು ಮಾಡಬೇಕು. ನಮ್ಮವ್ವ ಹೊಲಿಯುವಾಗ ಗಂಟು ಒಂದೂ ಮೇಲೆ ಕಾಣುತ್ತಿರಲಿಲ್ಲ. ಹೊಲ ಕಾಯುವ ನಾಯಿಗೆ ಇಷ್ಟು ಯಾಕೆ ಅಂದವರಿಗೆ, "ಅದೂ ಬಾಣಂತಿನೇ" ಅಂತ ಬೈದು ಕಳಿಸುತ್ತಿದ್ದಳು.

ಕೌದಿ ಎರಡು ಮೂರು ಇರಲಿ, ಒಂದು ಒಣಗುವಾಗ ಇನ್ನೊಂದು. ಸಾಬೂನು ಹಾಕಿ, ನೊರೆ ಹೋಗುವ ತನಕ ಹಿಂಡಿ, ಕಡಕ್ ಬಿಸಿಲಿಗೆ ಹಾಕಿ. ಫಿನಾಯಿಲ್ ಮುಟ್ಟಿಸಬೇಡಿ, ಮರಿಗಳಿಗೆ ಅದು ವಿಷ. ಡಾಂಬರ್ ಗುಳಿಗೆ ಹಾಕಿಟ್ಟ ಟ್ರಂಕಿನ ಕೌದಿಯೂ ಬೇಡ. ಅಂದಹಾಗೆ ನಿಮ್ಮ ಇಳಕಲ್ ಸೀರೆಗಳ ನಡುವೆಯೂ ಆ ಗುಳಿಗೆ ಯಾಕೆ? ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಇಡಿ, ವರ್ಷಕ್ಕೆರಡು ಸಲ ಮಡಿಕೆ ಬದಲಿಸಿ. ಈಗಿನವರಿಗೆ ಅಷ್ಟಕ್ಕೂ ಪುರುಸೊತ್ತಿಲ್ಲ.

ಕಾವಿನ ವಿಷಯ ಮರಿಗಳೇ ಹೇಳುತ್ತವೆ. ಒಂದರ ಮೇಲೊಂದು ಗುಡ್ಡೆಯಾಗಿದ್ದರೆ ಚಳಿ. ದೂರ ದೂರ ಬಿದ್ದು ಏದುತ್ತಿದ್ದರೆ ಸೆಕೆ. ಡಿಸೆಂಬರ್ ರಾತ್ರಿಗೆ ಬಲ್ಬ್ ಬೇಕು, ಅದೂ ಒಂದೇ ಮೂಲೆಗೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಲ್ಬ್ ಹಚ್ಚುವವರಿಗೆ ಏನು ಹೇಳಲಿ!

ದಿನಾ ಒಂದೇ ಹೊತ್ತಿಗೆ ತೂಗಿ. ಹತ್ತು ದಿನದ ಹೊತ್ತಿಗೆ ಹುಟ್ಟಿದ ತೂಕ ಹೆಚ್ಚುಕಮ್ಮಿ ಎರಡರಷ್ಟು ಆಗಬೇಕು. ತೂಕ ಏರದ ಮರಿಯನ್ನು ಅದೇ ದಿನ ದನದ ಡಾಕ್ಟರಿಗೆ ತೋರಿಸಿ. ತಾಯಿ ಹಾಲು ಸಾಲದಿದ್ದರೆ ಆಕಳ ಹಾಲಲ್ಲ, ನಾಯಿಮರಿಗೆಂದೇ ಬರುವ ಪುಡಿ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ, ಹಾಲು ಶ್ವಾಸಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿಯೇ ಕುಡಿಯಲಿ. ಉಗುರಿನ ತುದಿ ವಾರಕ್ಕೊಮ್ಮೆ ಚೂರೇ ಚೂರು ತೆಗೆಯಿರಿ, ಇಲ್ಲದಿದ್ದರೆ ತಾಯಿಯ ಮೊಲೆ ಗೀರುತ್ತವೆ. ಎರಡು ವಾರಕ್ಕೆ ಜಂತಿನ ಔಷಧ ಶುರು. ಆರರಿಂದ ಎಂಟು ವಾರದೊಳಗೆ ಪಾರ್ವೋ, ಡಿಸ್ಟೆಂಪರ್ ಅನ್ನುವ ಅಂಟುರೋಗಗಳಿಗೆ ಲಸಿಕೆ. ಅದಕ್ಕೆ ಮುಂಚೆ ನೋಡಲು ಬಂದವರು ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದೇ ಒಳಗೆ ಬರಲಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಇನ್ನು ಕ್ಯಾಲ್ಸಿಯಂ ಸಿರಪ್. ಮೂಳೆ ದಪ್ಪ ಆಗಲಿ ಅಂತ ಚಮಚಗಟ್ಟಲೆ ಹಾಕುತ್ತಾರೆ. ಒಳ್ಳೆ ಆಹಾರ ತಿನ್ನುವ ಮರಿಗೆ ಮೇಲಿನಿಂದ ಸುರಿದರೆ ಮೂಳೆ ಬೆಳೆಯುವ ಕ್ರಮವೇ ಕೆಡುತ್ತದೆ. ಡಾಕ್ಟರ್ ಹೇಳದೆ ಕೊಡಬೇಡಿ.

ಮೂರು ವಾರ ದಾಟಿದ ಮೇಲೆ ದಿನಾ ಸ್ವಲ್ಪ ಹೊತ್ತು ಎತ್ತಿಕೊಳ್ಳಿ. ತುಟಿ ಎತ್ತಿ ಹಲ್ಲು ನೋಡಿ, ಕಿವಿ ಮುಟ್ಟಿ, ಪಾದ ಹಿಡಿಯಿರಿ. ಕೌದಿಯ ಮೇಲೆ ನೇರವಾಗಿ ನಿಲ್ಲಿಸಿ, ಒಂದು ಉಸಿರೆಳೆಯುವಷ್ಟು ಹೊತ್ತು ನಿಂತರೂ ಸಾಕು, ಬಿಟ್ಟುಬಿಡಿ. ಮಿಕ್ಸಿ ಸದ್ದು, ಟ್ರ್ಯಾಕ್ಟರ್ ಸದ್ದು, ಮಕ್ಕಳ ಗಲಾಟೆ ಎಲ್ಲ ಕೇಳಲಿ. ಅಂಜುವ ನಾಯಿ, ಕಾಲು ಎಷ್ಟು ಚೆಂದ ಇದ್ದರೂ, ಶೋ ರಿಂಗಿನಲ್ಲಿ ಬಾಲ ಒಳಗೆ ಹಾಕಿ ನಿಲ್ಲುತ್ತದೆ.

ಎಂಟು ವಾರ ತುಂಬುವ ಮೊದಲು ಮರಿ ಮಾರುವಂತಿಲ್ಲ, ನಾಯಿ ಸಾಕಿ ಮಾರುವವರಿಗೆ ಕೇಂದ್ರ ಸರ್ಕಾರ ಮಾಡಿದ 2017ರ ನಿಯಮವೇ ಹಾಗಿದೆ. ಆ ವಯಸ್ಸಿನ ಮರಿ ತೋರಿಸಿ "ಇದು ಚಾಂಪಿಯನ್ ಆಗುತ್ತೆ" ಅನ್ನಬೇಡಿ. ಹಾಲುಹಲ್ಲು ಬಿದ್ದು ಹೊಸದು ಬರುವ ತನಕ ಮೇಲಿನ ಕೆಳಗಿನ ಹಲ್ಲು ಹೇಗೆ ಕೂಡುತ್ತವೆ ಅಂತ ಯಾರಿಗೂ ಖಾತ್ರಿ ಇಲ್ಲ. ಗಂಡು ಮರಿಯಾದರೆ ಬೀಜ ಎರಡೂ ಇಳಿದಿವೆಯಾ ಅಂತ ಡಾಕ್ಟರಿಂದ ನೋಡಿಸಿ, ಇದ್ದದ್ದು ಇದ್ದ ಹಾಗೆ ಹೇಳಿ. ಒಯ್ಯುವವರಿಗೆ ಲಸಿಕೆ ಕಾರ್ಡಿನ ಜೊತೆ ಒಂದು ವಾರದ ಊಟವನ್ನೂ ಕಟ್ಟಿಕೊಡಿ, ಹೋದ ದಿನವೇ ಆಹಾರ ಬದಲಾದರೆ ಭೇದಿ ಹತ್ತುತ್ತದೆ. ಮನೆಗೆ ಬಂದ ಖುಷಿಗೆ ಬಿರಿಯಾನಿ ಹಾಕಬೇಡಿ ಅಂತಲೂ ಹೇಳಿ, ಅದರಲ್ಲಿ ಈರುಳ್ಳಿ ಇರುತ್ತದೆ, ನಾಯಿಗೆ ಅದು ವಿಷ.