ಭೋಗ್ಯಕ್ಕೆ ಮನೆ ಹಿಡಿಯುವಾಗ ಸಾಲ ಕೊಡುವವರ ಕಣ್ಣಿನಿಂದ ನೋಡಿ

ಬೆಂಗಳೂರಿನಲ್ಲಿ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕಟ್ಟಿ ಸಾಕಾದ ಕುಟುಂಬಕ್ಕೆ, "10 ಲಕ್ಷ ಕೊಡಿ, ಮೂರು ವರ್ಷ ಬಾಡಿಗೆಯ ಮಾತಿಲ್ಲ, ಬಿಡುವ ದಿನ ಪೂರ್ತಿ ಹಣ ವಾಪಸ್" ಎಂಬ ಮಾತು ಹಿತವಾಗಿಯೇ ಕೇಳುತ್ತದೆ. ಆ 10 ಲಕ್ಷ ಸಾಮಾನ್ಯವಾಗಿ ಎಲ್ಲಿಂದ ಬರುತ್ತದೆ? ಊರಿನ ಜಮೀನು ಮಾರಿದ್ದು, ಪಿ.ಎಫ್. ತೆಗೆದದ್ದು, ಒಡವೆ ಅಡ ಇಟ್ಟದ್ದು. ಮನೆಯ ಉಳಿತಾಯವೆಲ್ಲ ಒಂದೇ ದಿನ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಆದರೂ ಬಹಳಷ್ಟು ಜನ ನೋಡುವುದು ನೀರು ಬರುತ್ತದೆಯೇ, ಗಾಳಿ ಬೆಳಕು ಇದೆಯೇ, ಶಾಲೆ ಹತ್ತಿರವೇ ಎಂದಷ್ಟೇ. ಅವೆಲ್ಲ ಬಾಡಿಗೆದಾರರು ನೋಡಬೇಕಾದ ವಿಷಯ. ಭೋಗ್ಯದಲ್ಲಿ ನೀವು ಮಾಲೀಕರಿಗೆ ಸಾಲ ಕೊಡುತ್ತಿದ್ದೀರಿ, ಬಡ್ಡಿಯ ಬದಲು ಮನೆಯಲ್ಲಿ ವಾಸ ಮಾಡುತ್ತಿದ್ದೀರಿ. ಬ್ಯಾಂಕು ಸಾಲ ಕೊಡುವ ಮುನ್ನ ಏನೇನು ಕೇಳುತ್ತದೋ ಅದನ್ನೆಲ್ಲ ಕೇಳುವ ಹಕ್ಕು ನಿಮಗೂ ಇದೆ.

ಮೊದಲು ಲೆಕ್ಕ

ಮೂರು ವರ್ಷದ ಬಾಡಿಗೆ 5,40,000 ಉಳಿಯುತ್ತದೆ. ಅದೇ 10 ಲಕ್ಷವನ್ನು ಶೇ. 7ರ ಠೇವಣಿಯಲ್ಲಿಟ್ಟಿದ್ದರೆ ವರ್ಷಕ್ಕೆ 70,000ದಂತೆ 2,10,000 ಬರುತ್ತಿತ್ತು. ಲಾಭ 3,30,000. ಒಡವೆ ಸಾಲ ಮಾಡಿ ಹಣ ತಂದಿದ್ದು ಬಡ್ಡಿ ಶೇ. 12 ಇದ್ದರೆ ತಿಂಗಳಿಗೆ 10,000 ಬಡ್ಡಿಗೇ ಹೋಗುತ್ತದೆ, ಉಳಿಯುವುದು ಬರೀ 5,000. ಅಷ್ಟಕ್ಕಾಗಿ ಒಡವೆಯನ್ನೂ ಅಸಲನ್ನೂ ಪಣಕ್ಕಿಡುವುದು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಭೋಗ್ಯ ನಿಮ್ಮ ಸ್ವಂತ ದುಡ್ಡಿಗೆ, ಅದರಲ್ಲೂ ಆರು ತಿಂಗಳು ತಡವಾಗಿ ಬಂದರೂ ಮನೆ ನಡೆಯುವಂಥ ದುಡ್ಡಿಗೆ, ತಕ್ಕದ್ದು.

ಈಗ ಅದೇ ಲೆಕ್ಕವನ್ನು ಮಾಲೀಕರ ಕಡೆಯಿಂದ ಮಾಡಿ. ವರ್ಷಕ್ಕೆ 1,80,000 ಬಾಡಿಗೆ ಬಿಟ್ಟುಕೊಟ್ಟು 10 ಲಕ್ಷ ಪಡೆಯುತ್ತಿದ್ದಾರೆ, ಅಂದರೆ ಶೇ. 18ರ ಬಡ್ಡಿ. ಕಾಗದಪತ್ರ ಸರಿಯಿರುವ ಕಟ್ಟಡದ ಮೇಲೆ ಬ್ಯಾಂಕು ಇದಕ್ಕಿಂತ ಬಹಳ ಕಡಿಮೆಗೆ ಸಾಲ ಕೊಡುತ್ತದೆ. ಹಾಗಿದ್ದರೆ ಇವರೇಕೆ ಬ್ಯಾಂಕಿಗೆ ಹೋಗಲಿಲ್ಲ? ಮಗಳ ಮದುವೆ, ಮೇಲಿನ ಅಂತಸ್ತಿನ ಕೆಲಸ, ವಯಸ್ಸಾದ ಕಾರಣ ಬ್ಯಾಂಕು ಸಾಲ ಕೊಡಲಿಲ್ಲ ಎಂಬಂಥ ಉತ್ತರಗಳನ್ನು ನಂಬಬಹುದು. ಖಾತಾ (ಪಾಲಿಕೆಯ ಆಸ್ತಿ ದಾಖಲೆ) ತಕರಾರಿನಲ್ಲಿರುವುದು, ಇರುವ ಸಾಲದ ಕಂತೇ ಬಾಕಿ ಬಿದ್ದಿರುವುದು ಇನ್ನೊಂದು ಬಗೆಯ ಕಾರಣ. ಭೋಗ್ಯದ ಮೊತ್ತ ಅಕ್ಕಪಕ್ಕದ ಮನೆಗಳಿಗಿಂತ ಅಗ್ಗವಾದಷ್ಟೂ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿ.

ಕಟ್ಟಡದಲ್ಲಿ ನಾಲ್ಕು ಮನೆಗಳಿದ್ದರೆ ಉಳಿದ ಮೂರರ ಬಾಗಿಲನ್ನೂ ತಟ್ಟಿ. ನಾಲ್ಕೂ ಮನೆ 10 ಲಕ್ಷದ ಭೋಗ್ಯದಲ್ಲಿದ್ದರೆ ಮಾಲೀಕರ ತಲೆಯ ಮೇಲೆ 40 ಲಕ್ಷದ ಸಾಲವಿದೆ, ಬಾಡಿಗೆಯ ಆದಾಯ ಸೊನ್ನೆ. ನಿಮ್ಮ ಹಣ ವಾಪಸ್ ಬರುವುದು ಮುಂದಿನ ಭೋಗ್ಯದಾರರು ಸಿಕ್ಕಾಗ ಮಾತ್ರ. ಈ ಕೊಂಡಿಯಲ್ಲಿ ಒಬ್ಬರು ಸಿಗದಿದ್ದರೂ ತಡ ಶುರುವಾಗುತ್ತದೆ.

ಋಣಭಾರ ಪತ್ರ ಓದುವುದು

ಮಾಲೀಕರಿಂದ ಕ್ರಯಪತ್ರದ ಜೆರಾಕ್ಸ್, ಖಾತಾ, ಈ ವರ್ಷದ ಆಸ್ತಿ ತೆರಿಗೆ ರಸೀದಿ ಪಡೆಯಿರಿ. ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರವನ್ನು, ಅಂದರೆ ಇ.ಸಿ.ಯನ್ನು, ಮಾತ್ರ ಅವರ ಕೈಯಿಂದ ತೆಗೆದುಕೊಳ್ಳಬೇಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಿ ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ಅಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು.

ವ್ಯವಹಾರಗಳಿದ್ದರೆ ನಮೂನೆ 15 ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16. ನಮೂನೆ 16 ಕಂಡು ನಿರಾಳವಾಗುವವರೇ ಹೆಚ್ಚು, ಎಡವುವುದೂ ಅಲ್ಲೇ. ಖಾತಾ ಸಂಖ್ಯೆಯಲ್ಲಿ ನೋಂದಣಿಯಾದ ಸೈಟನ್ನು ಹಳೆಯ ಸರ್ವೆ ನಂಬರಿನಲ್ಲಿ ಹುಡುಕಿದರೂ "ಏನೂ ಇಲ್ಲ" ಎಂದೇ ಬರುತ್ತದೆ. ಮಾಲೀಕರ ಸ್ವಂತ ಕ್ರಯಪತ್ರವೇ ಇ.ಸಿ.ಯಲ್ಲಿ ಕಾಣದಿದ್ದರೆ ಹುಡುಕಾಟ ತಪ್ಪಾಗಿದೆ ಎಂದೇ ಅರ್ಥ. ಆದ್ದರಿಂದ ಅವರು ಕೊಂಡ ವರ್ಷಕ್ಕಿಂತ ಹಿಂದಿನಿಂದ ಅವಧಿ ಹಾಕಿ, ಆಸ್ತಿ ಸಂಖ್ಯೆಯಿಂದ ಒಮ್ಮೆ, ಹೆಸರಿನಿಂದ ಒಮ್ಮೆ ಹುಡುಕಿ, ಚಕ್ಕುಬಂದಿಯನ್ನು ಕ್ರಯಪತ್ರದ ಪಕ್ಕ ಇಟ್ಟು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ನಾಲ್ಕನ್ನೂ ತಾಳೆ ನೋಡಿ.

ನಮೂನೆ 15ರಲ್ಲಿ ಪತ್ರದ ಸ್ವರೂಪ ಎಂಬ ಕಾಲಂ ಮೇಲೆ ಬೆರಳಿಟ್ಟು ಕೆಳಗಿಳಿಯಿರಿ. ಅಡಮಾನ ಅಥವಾ ಹಕ್ಕುಪತ್ರಗಳ ಠೇವಣಿ ಎಂಬ ಸಾಲು ಸಿಕ್ಕರೆ, ಅದರ ನಂತರ ಅದೇ ಬ್ಯಾಂಕಿನಿಂದ ಖುಲಾಸೆಯ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಸಾಲ ಇನ್ನೂ ಇದೆ ಎಂದುಕೊಂಡೇ ಮುಂದುವರಿಯಿರಿ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ನೋಂದಣಿಯಿಲ್ಲದೆ ಪಡೆದ ಸಾಲ ಇ.ಸಿ.ಯಲ್ಲಿ ಕಾಣುವುದಿಲ್ಲ, ಅದಕ್ಕೆ ಕೇಂದ್ರದ ಸೆರ್ಸಾಯ್ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ಖಾಸಗಿ ಫೈನಾನ್ಸಿನವರ ಕೈಸಾಲ ಎಲ್ಲಿಯೂ ಕಾಣದು. ಹಾಗಾಗಿ ಕೊನೆಯ ಪರೀಕ್ಷೆ ಒಂದೇ: ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡುವುದು. ಸಬ್‌ರಿಜಿಸ್ಟ್ರಾರ್ ಮೊಹರು, ಹೆಬ್ಬೆಟ್ಟಿನ ಗುರುತು, ಫೋಟೊ ಇರುವ ಅಸಲು ಪ್ರತಿ. "ಲಾಕರಿನಲ್ಲಿದೆ, ಆಮೇಲೆ ತೋರಿಸುತ್ತೇನೆ" ಎಂದರೆ ತೋರಿಸುವವರೆಗೆ ಟೋಕನ್ ಅಡ್ವಾನ್ಸ್ ಕೂಡ ಕೊಡಬೇಡಿ.

ಬ್ಯಾಂಕ್ ಸಾಲ ಇದ್ದರೆ

ಕಂತು 90 ದಿನ ಮೀರಿ ಬಾಕಿ ಬಿದ್ದರೆ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನದ ನೋಟಿಸ್ ಕೊಟ್ಟು, ನಂತರ ಮನೆಯನ್ನು ಸ್ವಾಧೀನಕ್ಕೆ ಪಡೆಯಬಹುದು. ಆ ನೋಟಿಸ್ ಮಾಲೀಕರಿಗೆ ಹೋಗುತ್ತದೆ, ನಿಮಗಲ್ಲ. ನಿಮಗೆ ಗೊತ್ತಾಗುವುದು ಬಾಗಿಲಿಗೆ ಕಾಗದ ಅಂಟಿಸಿದಾಗ. ಮೊದಲೇ ಅಡವಿಟ್ಟ ಮನೆಯನ್ನು ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ದೊಡ್ಡ ಮೊತ್ತ ಪಡೆದು ಭೋಗ್ಯಕ್ಕೆ ಕೊಟ್ಟಿದ್ದರೆ, ನಿಮ್ಮ ಕರಾರು ಬ್ಯಾಂಕಿನ ಎದುರು ನಿಲ್ಲುವುದು ಬಹಳ ಕಷ್ಟ.

ಸಾಲ ಚಿಕ್ಕದಿದ್ದು ಮನೆ ನಿಜಕ್ಕೂ ಬೇಕೆನಿಸಿದರೆ ಒಂದು ದಾರಿಯಿದೆ. ಬಾಕಿ 6 ಲಕ್ಷ ಎಂದುಕೊಳ್ಳಿ. ಬ್ಯಾಂಕಿನಿಂದ ಸಾಲ ಮುಕ್ತಾಯದ ಮೊತ್ತದ ಪತ್ರ ತರಿಸಿ, ಭೋಗ್ಯದ ಹಣದಲ್ಲಿ ಆ 6 ಲಕ್ಷವನ್ನು ನೇರವಾಗಿ ಸಾಲದ ಖಾತೆಗೇ ಕಟ್ಟಿ. ಕಟ್ಟುವ ಮುನ್ನವೇ ಭೋಗ್ಯದ ಕರಾರಿಗೆ ಸಹಿ ಆಗಿರಲಿ, ಈ ಪಾವತಿಯ ವಿವರ ಅದರಲ್ಲಿರಲಿ. ಋಣಮುಕ್ತಿ ಪತ್ರ ಹಾಗೂ ಮೂಲಪತ್ರ ಹೊರಬಂದ ಮೇಲೆ ನೋಂದಣಿ ಮಾಡಿಸಿ ಉಳಿದ 4 ಲಕ್ಷ ಕೊಡಿ.

ಪತ್ರ ಹೇಗಿರಬೇಕು

ನೂರು ಅಥವಾ ಐನೂರು ರೂಪಾಯಿಯ ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ ನೋಟರಿ ಮೊಹರು ಹಾಕಿಸಿದರೆ ಮುಗಿಯಿತು ಎಂಬುದು ಬೆಂಗಳೂರಿನ ವಾಡಿಕೆ. ನೋಟರಿ ಮೊಹರು ನೋಂದಣಿಯಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಮನೆಯ ಸ್ವಾಧೀನ ಕೊಟ್ಟು ಮಾಡುವ ಅಡಮಾನ (ಸ್ವಾಧೀನ ಭೋಗ್ಯ) 100 ರೂಪಾಯಿ ಅಥವಾ ಹೆಚ್ಚಿನದಾದರೆ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಒಂದು ವರ್ಷ ಮೀರುವ ಲೀಸಿಗೂ ನೋಂದಣಿ ಕಡ್ಡಾಯ. ನೋಂದಣಿಯಾಗದ, ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ ಪತ್ರ ಹಿಡಿದು ನ್ಯಾಯಾಲಯಕ್ಕೆ ಹೋದರೆ, ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗಬಹುದು.

ಎರಡು ಬಗೆಯ ಪತ್ರಗಳಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಸ್ವಾಧೀನ ಭೋಗ್ಯ ಪತ್ರವಾದರೆ ಹಣ ಕೈಗೆ ಬರುವವರೆಗೆ ಮನೆಯಲ್ಲಿರುವ ಹಕ್ಕು ಕಾಯ್ದೆಯಿಂದಲೇ ಬರುತ್ತದೆ, ನೋಂದಣಿಯಾಗಿದ್ದರೆ ಮನೆ ಮಾರಿದರೂ ಕೊಂಡವರಿಗೆ ಅದು ಅನ್ವಯಿಸುತ್ತದೆ. ಲೀಸ್ ಪತ್ರದಲ್ಲಿ ಅವಧಿ ಮುಗಿದರೆ ಮನೆ ಬಿಡಬೇಕು, ಹಣದ್ದು ಬೇರೆ ದಾವೆ. ಭೋಗ್ಯ ಪತ್ರಕ್ಕೆ ಮುದ್ರಾಂಕ ಶುಲ್ಕ ಲೀಸಿಗಿಂತ ಬಹಳ ಹೆಚ್ಚು, ಜನ ಅದನ್ನು ತಪ್ಪಿಸುವುದು ಆ ಕಾರಣಕ್ಕೇ. ದರ ಆಗಾಗ ಬದಲಾಗುವುದರಿಂದ ಕಾವೇರಿ ಜಾಲತಾಣದಲ್ಲಿ ಇಂದಿನ ಲೆಕ್ಕ ಹಾಕಿ, ಆ ಖರ್ಚನ್ನು ಮೇಲಿನ ಲಾಭದಿಂದ ಕಳೆಯಿರಿ. ಅದೂ ಆಗದಿದ್ದರೆ ಕನಿಷ್ಠ ನೋಂದಾಯಿತ ಲೀಸ್ ಮಾಡಿಸಿ, "ಪೂರ್ತಿ ಮೊತ್ತ ಸಂದಾಯವಾಗುವವರೆಗೆ ಸ್ವಾಧೀನ ಬಿಟ್ಟುಕೊಡತಕ್ಕದ್ದಲ್ಲ" ಎಂಬ ಷರತ್ತು ಸೇರಿಸಿ. ವಕೀಲರಿಗೆ ಒಮ್ಮೆ ತೋರಿಸುವ ಶುಲ್ಕದಲ್ಲಿ ಉಳಿತಾಯ ಮಾಡಬೇಡಿ.

ಸಹಿ ಹಾಕುವವರು ಯಾರು ಎಂಬುದನ್ನು ಖಾತಾದ ಹೆಸರಿನೊಂದಿಗೆ ಹೋಲಿಸಿ. ಪಿತ್ರಾರ್ಜಿತವಾದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಿ ಎಲ್ಲರ ಸಹಿಯೂ ಬೇಕು. ತೀರಿಕೊಂಡ ತಂದೆಯ ಹೆಸರಲ್ಲೇ ಖಾತಾ ಇದ್ದು ಒಬ್ಬ ಮಗ ಮಾತ್ರ ಕೊಡುತ್ತಿದ್ದರೆ ಆ ಮನೆ ಬಿಡಿ.

ಮಧ್ಯೆ ನಿಂತು ಮನೆ ಕೊಡುವವರ ಬಗ್ಗೆ ವಿಶೇಷ ಎಚ್ಚರ ಬೇಕು. ಇವರು ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ನಿಮ್ಮಿಂದ ಲಕ್ಷಗಟ್ಟಲೆ ಭೋಗ್ಯ ತೆಗೆದುಕೊಳ್ಳುತ್ತಾರೆ. ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆ ಹೋಗುತ್ತದೆ, ಆಮೇಲೆ ನಿಲ್ಲುತ್ತದೆ. ಮಾಲೀಕರು ಬಂದು ಬಾಗಿಲು ತಟ್ಟಿದಾಗ ನಿಮ್ಮ ಹಣ ಅವರ ಕೈ ಸೇರಿರುವುದೇ ಇಲ್ಲ. ಹಣ ಹೋಗಬೇಕಾದದ್ದು ಖಾತಾದಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೆ ಮಾತ್ರ.

ಹಣ, ಕೀಲಿ, ತೆರವು

20,000 ರೂಪಾಯಿ ಅಥವಾ ಹೆಚ್ಚಿನ ಸಾಲ, ಠೇವಣಿಯನ್ನು ನಗದಿನಲ್ಲಿ ಪಡೆಯುವುದನ್ನೂ ಹಿಂದಿರುಗಿಸುವುದನ್ನೂ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. "ಅರ್ಧ ಕ್ಯಾಶ್ ಕೊಡಿ, ಪತ್ರದಲ್ಲಿ ಐದು ಲಕ್ಷ ಬರೆಸೋಣ" ಎಂದರೆ ಒಪ್ಪಬೇಡಿ, ಪತ್ರದಲ್ಲಿಲ್ಲದ ಐದು ಲಕ್ಷಕ್ಕೆ ನಿಮ್ಮ ಬಳಿ ಪುರಾವೆಯೇ ಇರುವುದಿಲ್ಲ. ಆರ್‌ಟಿಜಿಎಸ್ ಮಾಡಿ, ಅದರ ಯುಟಿಆರ್ ಸಂಖ್ಯೆಯನ್ನು (ಆ ವರ್ಗಾವಣೆಯ ಗುರುತು ಸಂಖ್ಯೆ) ಪತ್ರದಲ್ಲಿ ಬರೆಸಿ. ನೋಂದಣಿಯ ದಿನ ಬೆಳಿಗ್ಗೆ ಇನ್ನೊಮ್ಮೆ ಇ.ಸಿ. ನೋಡಿ, ಹಿಂದಿನ ವಾರ ಇಲ್ಲದ ಸಾಲು ಅಂದು ಇರಬಹುದು.

ಪತ್ರದಲ್ಲಿ ಹಣ ವಾಪಸಿನ ದಿನಾಂಕ, ತಡವಾದರೆ ತಿಂಗಳಿಗೆ ಎಷ್ಟು ಬಡ್ಡಿ, ಮೂರು ತಿಂಗಳ ಮುನ್ಸೂಚನೆ, ಪೇಂಟಿಂಗಿಗೆ ಹಿಡಿಯುವ ಮೊತ್ತ ಅಂಕಿಯಲ್ಲಿ, ನೀರು ಮತ್ತು ನಿರ್ವಹಣೆಯ ಖರ್ಚು ಯಾರದು, ಬೆಸ್ಕಾಂ ಮೀಟರಿನ ಆರ್‌ಆರ್ ಸಂಖ್ಯೆ ಹಾಗೂ ಅಂದಿನ ರೀಡಿಂಗ್ ಇರಲಿ. ಗೃಹಜ್ಯೋತಿ ಪಡೆಯಲೂ ಆ ಆರ್‌ಆರ್ ಸಂಖ್ಯೆ ಬೇಕು, ಹಳೆಯ ಮನೆಯ ಮೀಟರಿನಿಂದ ಆಧಾರ್ ಬಿಡಿಸಿಕೊಳ್ಳುವುದನ್ನು ಮರೆಯಬೇಡಿ. ವಾಪಸಿನ ದಿನಾಂಕ ಹಾಕಿದ ಚೆಕ್ ಪಡೆದು ಅದರ ಸಂಖ್ಯೆಯನ್ನೂ ಬರೆಸಿ. ಆ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದರೆ ಸುದ್ದಿ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್, ಅದು ತಲುಪಿ 15 ದಿನ ಕಾದು, ಮುಂದಿನ ಒಂದು ತಿಂಗಳೊಳಗೆ ದೂರು. ಒಂದು ಗಡುವು ತಪ್ಪಿದರೂ ಆ ದಾರಿ ಬಹುತೇಕ ಮುಚ್ಚಿದಂತೆ. ಹಣಕ್ಕಾಗಿ ಸಿವಿಲ್ ದಾವೆಗೆ ಸಾಮಾನ್ಯವಾಗಿ ಇರುವ ಕಾಲ ಮೂರು ವರ್ಷ.

ಅವಧಿ ಮುಗಿಯುವ ಮೂರು ತಿಂಗಳ ಮುಂಚೆ ಸ್ಪೀಡ್ ಪೋಸ್ಟಿನಲ್ಲಿ ತಿಳಿಸಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಹೊಸ ಮನೆಗೆ ಅಡ್ವಾನ್ಸ್ ಕೊಟ್ಟುಬಿಟ್ಟು ಇಲ್ಲಿನ ಹಣಕ್ಕಾಗಿ ಕಾಯುವ ಸ್ಥಿತಿಗೆ ಬರಬೇಡಿ, ಮಾಲೀಕರು ಆಗ "ಈಗ ಅರ್ಧ, ಮುಂದಿನ ತಿಂಗಳು ಅರ್ಧ" ಎನ್ನುತ್ತಾರೆ. ಸಾಮಾನು ಸಾಗಿಸಿದರೂ ಒಂದು ಕೋಣೆಗೆ ನಿಮ್ಮ ಬೀಗ ಇರಲಿ. ಪತ್ರ ನೋಂದಣಿಯಾಗಿದ್ದರೆ ಇ.ಸಿ.ಯಿಂದ ಆ ಭಾರ ಇಳಿಸಲು ಮಾಲೀಕರಿಗೆ ನಿಮ್ಮ ಸಹಿಯ ಖುಲಾಸೆ ಪತ್ರ ಬೇಕೇ ಬೇಕು, ಅದಿಲ್ಲದೆ ಮುಂದೆ ಮಾರುವುದೂ ಸಾಲ ಪಡೆಯುವುದೂ ಅವರಿಗೆ ತೊಡಕು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕುಳಿತು, ಪೂರ್ತಿ ಹಣ ಖಾತೆಗೆ ಬಂದ ಸಂದೇಶ ಮೊಬೈಲಿನಲ್ಲಿ ಕಂಡ ಮೇಲೆ ಸಹಿ ಹಾಕಿ, ಆಮೇಲೆ ಕೀಲಿ ಕೊಡಿ.